ಊರು ಮೊದಲು, ಟೀಮು ಆಮೇಲೆ: ವಿದ್ಯಾರ್ಥಿ ದುಡ್ಡಿನಲ್ಲಿ ಯುರೋಪಿನ ಫುಟ್‌ಬಾಲ್ ತಿರುಗಾಟ

ಯುರೋಪಿನಲ್ಲಿ ಓದುವ ನಮ್ಮ ಹುಡುಗ ಹುಡುಗಿಯರು ನನಗೆ ಕೇಳುವ ಮೊದಲ ಪ್ರಶ್ನೆ, "ಅಕ್ಕಾ, ಯೂರೋ ಕಪ್ ಟಿಕೆಟ್ ಹೇಗೆ ಸಿಕ್ತು?" ಎರಡನೆಯದು, "ಅಷ್ಟೊಂದು ದುಡ್ಡು ಎಲ್ಲಿಂದ ಬಂತು?" ಎರಡಕ್ಕೂ ನನ್ನ ಹತ್ತಿರ ಇರುವುದು ಒಂದೇ ಉತ್ತರ. ನಾನು ಟೀಮನ್ನು ಆರಿಸಲಿಲ್ಲ, ಊರನ್ನು ಆರಿಸಿದೆ. ನನ್ನ ಸೆಮಿಸ್ಟರ್ ಟಿಕೆಟ್ಟಿನಲ್ಲಿ, ಅಂದರೆ ಕಾಲೇಜು ಫೀಸಿನ ಜೊತೆ ಬರುವ ಬಸ್ಸು-ರೈಲು ಪಾಸಿನಲ್ಲಿ, ಹೋಗಿ ಬರುವಷ್ಟು ಹತ್ತಿರ ಯಾವ ಮೈದಾನ ಇದೆ ಅಂತ ನೋಡಿದೆ. ಅಲ್ಲಿ ಯಾರು ಆಡಿದರೂ ಸರಿ, ಅವರೇ ನನ್ನ ಟೀಮು ಅಂದುಕೊಂಡೆ. ಯೂರೋ ಅಂದರೆ ಯುರೋಪಿನ ದೇಶಗಳ ನಡುವಿನ ದೊಡ್ಡ ಫುಟ್‌ಬಾಲ್ ಟೂರ್ನಿ. 2024ರಲ್ಲಿ ಜರ್ಮನಿಯಲ್ಲಿ ನಡೆದ ಗಂಡಸರ ಯೂರೋ ನೋಡಿದ್ದೂ ಹೀಗೆ. 2025ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಹೆಂಗಸರ ಯೂರೋ ನೋಡಿದ್ದೂ ಹೀಗೆ.

ನಾನು ಜರ್ಮನಿಗೆ ಬಂದದ್ದು 2023ರ ಸೆಪ್ಟೆಂಬರ್ ಕೊನೆಗೆ, ಎಂ.ಎಸ್. ಓದೋಕೆ. ಅದೇ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಫುಟ್‌ಬಾಲ್ ಟೂರ್ನಿಯ ಫೈನಲ್ ನೋಡಿದ್ದೆ. ಭಾರತ, ಕುವೈತ್ ಎರಡೂ 1-1 ಮಾಡಿ, ಪೆನಾಲ್ಟಿಯಲ್ಲಿ ನಾವು ಗೆದ್ದೆವು. ಅವತ್ತು ಇಡೀ ಕಂಠೀರವ ಒಂದೇ ಗಂಟಲಲ್ಲಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಎರಡು ದೇಶಗಳ ಆಟ ಅಂದರೆ ಕ್ಲಬ್ಬಿನ ಆಟಕ್ಕಿಂತ ಬೇರೇನೇ ಅಂತ ನನಗೆ ಗೊತ್ತಾದದ್ದು ಅಲ್ಲೇ.

ಓದಲು ಬಂದ ಊರು ಬೋಖುಮ್. ರೂರ್ ಪ್ರದೇಶದ ಹಳೇ ಕಲ್ಲಿದ್ದಲು ಊರು. ಪ್ರವಾಸಿಗರು ಹುಡುಕಿಕೊಂಡು ಬರುವಂಥದ್ದಲ್ಲ. ಆದರೆ ಫುಟ್‌ಬಾಲ್ ಹುಚ್ಚಿರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಯೂರೋ ನಡೆದದ್ದು ಹತ್ತು ಊರುಗಳಲ್ಲಿ. ಅದರಲ್ಲಿ ನಾಲ್ಕು ಬೋಖುಮ್ ಇರುವ ರಾಜ್ಯದಲ್ಲೇ ಇದ್ದವು: ಡಾರ್ಟ್‌ಮುಂಡ್, ಗೆಲ್ಸೆನ್‌ಕಿರ್ಖೆನ್, ಡುಸೆಲ್‌ಡಾರ್ಫ್, ಕೊಲೋನ್. ಒಂದು ಪಕ್ಕದಲ್ಲಿ ಡಾರ್ಟ್‌ಮುಂಡ್, ಇನ್ನೊಂದು ಪಕ್ಕದಲ್ಲಿ ಗೆಲ್ಸೆನ್‌ಕಿರ್ಖೆನ್, ನಡುವೆ ನಮ್ಮೂರು. ಬೋಖುಮಿನಿಂದ ಹೊರಡುವ 302ನೇ ನಂಬರಿನ ಟ್ರ್ಯಾಮ್ ನೇರವಾಗಿ ಗೆಲ್ಸೆನ್‌ಕಿರ್ಖೆನ್ ಮೈದಾನದ ಬಾಗಿಲಲ್ಲಿ ಇಳಿಸುತ್ತದೆ. ದಿನಾ ತರಕಾರಿ ತರಲು ಹತ್ತುವ ಟ್ರ್ಯಾಮಿನಲ್ಲೇ ಯೂರೋ ಕಪ್‌ಗೆ ಹೋಗಬಹುದು ಅಂದರೆ ಯಾರು ಬಿಡುತ್ತಾರೆ?

ಟಿಕೆಟ್ ವಿಷಯಕ್ಕೆ ಬರುತ್ತೇನೆ. ಟೂರ್ನಿ ನಡೆಸುವ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಎಫಾ ಮೊದಲ ಸುತ್ತಿನ ಅರ್ಜಿ ತೆರೆದದ್ದು 2023ರ ಅಕ್ಟೋಬರ್ 3ಕ್ಕೆ, ಮುಚ್ಚಿದ್ದು 26ಕ್ಕೆ. ಬೇಗ ಹಾಕಿದವರಿಗೆ ಮೊದಲು ಅಂತೇನಿಲ್ಲ, ಎಲ್ಲ ಲಾಟರಿ. ಆಗ ಆತಿಥೇಯ ಜರ್ಮನಿಯ ಗುಂಪಿನ ಆಟಗಳು ಎಲ್ಲೆಲ್ಲಿ ಅಂತ ಗೊತ್ತಿತ್ತು ಅಷ್ಟೆ. ಉಳಿದ ಆಟಗಳಿಗೆ ಊರು ಮತ್ತು ತಾರೀಕು ಮಾತ್ರ, ಟೀಮಿನ ಹೆಸರೇ ಇಲ್ಲ. ಹೆಚ್ಚಿನವರು ಜರ್ಮನಿಯ ಆಟಗಳಿಗೆ, ಮ್ಯೂನಿಕ್ ಬರ್ಲಿನ್‌ಗಳಿಗೆ ಅರ್ಜಿ ಹಾಕಿದರು. ನಾನು ಡಾರ್ಟ್‌ಮುಂಡ್ ಮತ್ತು ಗೆಲ್ಸೆನ್‌ಕಿರ್ಖೆನ್‌ನ ಗುಂಪಿನ ಆಟಗಳಿಗೆ ಮಾತ್ರ ಹಾಕಿದೆ. ಅದೂ ಅತಿ ಕಡಿಮೆ ಬೆಲೆಯ 'ಫ್ಯಾನ್ಸ್ ಫಸ್ಟ್' ದರ್ಜೆಗೆ. ಗುಂಪಿನ ಆಟಕ್ಕೆ ಅದರ ಬೆಲೆ 30 ಯೂರೋ, ಗೋಲಿನ ಹಿಂದುಗಡೆ ಸೀಟು. ಫೈನಲ್ ಆದರೆ ಇದೇ ದರ್ಜೆ 95 ಯೂರೋ.

ಒಂದು ಆಟ ಸಿಕ್ಕಿತು. ಜೂನ್ 26, ಬುಧವಾರ ರಾತ್ರಿ 9 ಗಂಟೆ, ಗೆಲ್ಸೆನ್‌ಕಿರ್ಖೆನ್. ಯಾರು ಯಾರ ಮೇಲೆ ಅನ್ನೋದು ಯಾರಿಗೂ ಗೊತ್ತಿಲ್ಲ.

ಡಿಸೆಂಬರ್ 2ರಂದು ಹ್ಯಾಂಬರ್ಗ್‌ನಲ್ಲಿ ಗುಂಪುಗಳ ಡ್ರಾ ತೆಗೆದಾಗ ನಾನು ಲೈಬ್ರರಿಯಲ್ಲಿ ಕೂತಿದ್ದೆ. ನನ್ನ ಟಿಕೆಟ್ಟಿನ ಒಂದು ಪಕ್ಕದಲ್ಲಿ ಪೋರ್ಚುಗಲ್ ಅಂತ ಬಂತು! ಇನ್ನೊಂದು ಪಕ್ಕ ಮಾತ್ರ ಇನ್ನೂ ಖಾಲಿ. ಪ್ಲೇ-ಆಫ್ ಗೆದ್ದ ಟೀಮು ಅಲ್ಲಿಗೆ ಬರಬೇಕಿತ್ತು. ಗ್ರೀಸ್, ಕಜಾಕಸ್ತಾನ್, ಲಕ್ಸೆಂಬರ್ಗ್, ಜಾರ್ಜಿಯಾ, ಈ ನಾಲ್ಕರಲ್ಲಿ ಒಂದು. ಮಾರ್ಚ್ 26ರಂದು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಗ್ರೀಸ್ ಮೇಲೆ ಗೋಲಿಲ್ಲದ ಆಟ ಪೆನಾಲ್ಟಿಗೆ ಹೋಯಿತು, ಜಾರ್ಜಿಯಾ ಗೆದ್ದಿತು. ಆ ದೇಶ ಇಂಥ ದೊಡ್ಡ ಟೂರ್ನಿಗೆ ಬಂದದ್ದು ಅದೇ ಮೊದಲು. ಜನ ಮೈದಾನಕ್ಕೇ ನುಗ್ಗಿದ್ದನ್ನು ಫೋನಿನಲ್ಲಿ ನೋಡಿದೆ. ಅವತ್ತಿನಿಂದ ನಾನು ಜಾರ್ಜಿಯಾದವಳು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಪೋರ್ಚುಗಲ್ ಹೆಸರು ಬಂದ ಮೇಲೆ ಅದೇ ಸೀಟಿಗೆ ಎಷ್ಟೊಂದು ಜನ ಸಾಲು ನಿಂತರು. ಹೆಸರು ಬರುವ ಮೊದಲೇ ಹಾಕಿದ್ದರಿಂದ ನನಗೆ ಅದು 30 ಯೂರೋಗೆ ಬಂತು. ಮೊದಲ ಸುತ್ತಿನಲ್ಲಿ ಸಿಗದಿದ್ದರೂ ಕೈಚೆಲ್ಲಬೇಡಿ. ಯುಎಫಾದ್ದೇ ಮರುಮಾರಾಟದ ಜಾಗ ಇರುತ್ತದೆ. ಅಲ್ಲಿ ಕೊಂಡ ಬೆಲೆಗೇ ಮಾರಬೇಕು, ಜಾಸ್ತಿಗೆ ಮಾರುವ ಹಾಗಿಲ್ಲ. ಬೇರೆಲ್ಲೂ ಕೊಳ್ಳಬೇಡಿ. ಟಿಕೆಟ್ ಬರುವುದೇ ಫೋನಿನ ಆ್ಯಪಿಗೆ. ಬೇರೆಯವರ ಹತ್ತಿರ ಸ್ಕ್ರೀನ್‌ಶಾಟ್ ಕೊಂಡರೆ ಗೇಟಿನಲ್ಲಿ ಅದು ಬರೀ ಚಿತ್ರ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಆ ವರ್ಷ ಜರ್ಮನಿಗೆ ಬರುವ ವಿದ್ಯಾರ್ಥಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ದುಡ್ಡು ಬಿಡುವ ಖಾತೆಯಲ್ಲಿ, 11,208 ಯೂರೋ ಇಡಬೇಕಿತ್ತು. ತಿಂಗಳಿಗೆ ಕೈಗೆ ಬರುವುದು 934. ಬಾಡಿಗೆ, ಆರೋಗ್ಯ ವಿಮೆ, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ವಾರಾಂತ್ಯ ಕೆಲಸ ಮಾಡುತ್ತಿದ್ದೆ, ಅದರಲ್ಲೇ ಒಂದಿಷ್ಟು ಎತ್ತಿಟ್ಟೆ. ನಿಜವಾಗಿ ಉಳಿಸಿದ್ದು ರೈಲು. ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸು ಇದೆ. ಆಗ 49 ಯೂರೋ, ಆಮೇಲೆ ಏರಿತು. ಇಡೀ ಜರ್ಮನಿಯ ಸಿಟಿ ಬಸ್ಸು, ಟ್ರ್ಯಾಮ್, ಮೆಟ್ರೊ, ಊರಿಂದೂರಿಗೆ ನಿಂತು ನಿಂತು ಹೋಗುವ ರೈಲು, ಎಲ್ಲಕ್ಕೂ ಅದೊಂದೇ. ವೇಗದ ಐಸಿಇ ರೈಲಿಗೆ ಮಾತ್ರ ನಡೆಯುವುದಿಲ್ಲ. 2024ರ ಬೇಸಿಗೆ ಸೆಮಿಸ್ಟರ್‌ನಿಂದ ಬಹಳ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಟಿಕೆಟ್ಟೇ ಇದಾಯಿತು, ತಿಂಗಳಿಗೆ 29.40ರ ಲೆಕ್ಕದಲ್ಲಿ. ಫೀಸಿನ ಜೊತೆಗೇ ಕಟ್ಟಿರುತ್ತೇವೆ. ಹಾಗಾಗಿ ಎಲ್ಲಿಗೆ ಹೋದರೂ ಕೈಯಿಂದ ಮತ್ತೆ ಬಿಚ್ಚಬೇಕಾಗಿಲ್ಲ.

ಆಟದ ಟಿಕೆಟ್ ಇದ್ದವರಿಗೆ ಆ ದಿನ ಬೆಳಗ್ಗೆ 6ರಿಂದ ಮಾರನೇ ದಿನ ಸಂಜೆ 6ರವರೆಗೆ ಊರೊಳಗಿನ ಓಡಾಟ ಪುಕ್ಕಟೆ ಇತ್ತು. ದೂರದ ರೈಲಿಗೂ ಒಂದು ಕಡೆಗೆ 29.90 ಯೂರೋ ಅನ್ನುವ ವಿಶೇಷ ದರ ಇತ್ತು. ಅದರ ಅಗತ್ಯ ನನಗೆ ಬೀಳಲಿಲ್ಲ. ವಸತಿಯ ಖರ್ಚೂ ಇಲ್ಲ. ಆಟ ಇರುವ ಊರಿನಲ್ಲಿ ಅವತ್ತು ಹಾಸ್ಟೆಲ್ ಮಂಚವೂ ಹೋಟೆಲ್ ರೇಟಿಗೆ ಹೋಗುತ್ತದೆ. ನಾನು ಪ್ರತಿ ರಾತ್ರಿ ನನ್ನ ರೂಮಿಗೇ ಬಂದು ಮಲಗಿದೆ.

ಊರಿಂದ ಬರುವವರಿಗೆ ಒಂದು ಮಾತು. ನನ್ನ ಚಿಕ್ಕಪ್ಪನ ಮಗನಿಗೂ ಬರಬೇಕೆಂದಿತ್ತು. ಮ್ಯಾಚ್ ಟಿಕೆಟ್ ಇದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಫೀಸು 2024ರ ಜೂನ್ 11ರಿಂದ 80ರಿಂದ 90 ಯೂರೋ ಆಯಿತು. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಬೇಸಿಗೆ ಹತ್ತಿರ ಬಂದ ಹಾಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಅವನು ಮಾರ್ಚಿನಲ್ಲೇ ಕಾಗದ ಪತ್ರ ಕೊಟ್ಟ, ಅದಕ್ಕೇ ಆಯಿತು.

ಟೂರ್ನಿ ಶುರುವಾಗುವ ಮೊದಲು ನಮ್ಮ ಕಡೆಯದೊಂದು ಸುದ್ದಿ. ಜೂನ್ 6ರಂದು ಕೋಲ್ಕತ್ತದಲ್ಲಿ ಸುನಿಲ್ ಛೆಟ್ರಿ ಭಾರತಕ್ಕಾಗಿ ವಿದಾಯದ ಆಟ ಆಡಿದರು (2025ರಲ್ಲಿ ನಿವೃತ್ತಿ ಬಿಟ್ಟು ಮತ್ತೆ ಬಂದರು). ಅದೂ ಕುವೈತ್ ಮೇಲೆಯೇ, 0-0. ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯಲ್ಲಿ ಅವರನ್ನು ನೋಡಿ ಬೆಳೆದವಳು ನಾನು. ತುಂಬಾ ಸಂಕಟ ಆಯಿತು. ಎಂಟು ದಿನಕ್ಕೆ ಇಲ್ಲಿ ಯೂರೋ ಶುರು. ಜಗತ್ತಿನ ಇಷ್ಟು ದೊಡ್ಡ ಜಾತ್ರೆ ಕಣ್ಣೆದುರೇ ನಡೆಯುವಾಗ ನಮ್ಮ ದೇಶ ಈ ಮಟ್ಟಕ್ಕೆ ಯಾವಾಗ ಬಂದೀತು ಅನ್ನುವ ಆಸೆ ಮನಸ್ಸಿನಲ್ಲಿ ಸುಮ್ಮನಿರುವುದಿಲ್ಲ.

ಜೂನ್ 19ರಂದು ಕೊಲೋನ್‌ನಲ್ಲಿ ಸ್ಕಾಟ್ಲೆಂಡ್-ಸ್ವಿಟ್ಜರ್ಲೆಂಡ್ ಆಟ ಇತ್ತು. ಟಿಕೆಟ್ ಇರಲಿಲ್ಲ. ಕ್ಲಾಸು ಮುಗಿಸಿ ಸುಮ್ನೆ ರೈಲು ಹತ್ತಿದೆ. ಯೂರೋ ನಡೆಯುವಾಗ ಟಿಕೆಟ್ ಇಲ್ಲದವರೂ ಹೋಗಲೇಬೇಕು, ಇದನ್ನು ಒತ್ತಿ ಹೇಳುತ್ತೇನೆ. ಕೊಲೋನ್ ರೈಲ್ವೆ ಸ್ಟೇಷನ್ ಬಾಗಿಲಲ್ಲೇ ದೊಡ್ಡ ಚರ್ಚು. ಅದರ ಮೆಟ್ಟಿಲಿನಿಂದ ಹಳೇ ಪೇಟೆಯವರೆಗೆ ಕಿಲ್ಟ್ ಅನ್ನುವ ಚೌಕಳಿ ಲಂಗ ತೊಟ್ಟ ಸ್ಕಾಟ್ಲೆಂಡಿನ ಗಂಡಸರು, ಹೆಂಗಸರು, ಮಕ್ಕಳು. ಅಲ್ಲೊಬ್ಬ ಇಲ್ಲೊಬ್ಬ ಬ್ಯಾಗ್‌ಪೈಪ್ ಊದುವವರು. ಐದು ದಿನದ ಹಿಂದೆ ಮ್ಯೂನಿಕ್‌ನಲ್ಲಿ ಜರ್ಮನಿ ಕೈಯಲ್ಲಿ 5-1 ಸೋತ ಜನ ಇವರು. ಮುಖದಲ್ಲಿ ಅದರ ಗುರುತೇ ಇಲ್ಲ. ಹಾಯ್‌ಮಾರ್ಕ್ಟ್ ಚೌಕದ ದೊಡ್ಡ ಪರದೆ ಮುಂದೆ ನನ್ನ ಪಕ್ಕ ನಿಂತಿದ್ದ ಅಜ್ಜ, "ನೀನು ಯಾವ ದೇಶ?" ಅಂತ ಕೇಳಿದರು. ಭಾರತ ಅಂದೆ. "ನಿಮ್ಮ ಟೀಮು ಇಲ್ಲವಲ್ಲ, ಇವತ್ತಿಗೆ ನಮ್ಮದನ್ನೇ ಇಟ್ಟುಕೋ" ಅಂತ ಕೈಯಲ್ಲಿದ್ದ ಸಣ್ಣ ಬಾವುಟ ಕೊಟ್ಟರು. ಆಟ 1-1 ಆಯಿತು. ಸ್ಕಾಟ್ಲೆಂಡ್ ಆಮೇಲೆ ಗುಂಪಿನಲ್ಲೇ ಹೊರಬಿತ್ತು. ಅವತ್ತು ಅವರ ಜೊತೆ ಕೂಗಿದ್ದರಿಂದ ನಾನು ಸ್ಕಾಟ್ಲೆಂಡಿನ ಅರ್ಧ ಟೀಮಿನ ಹೆಸರು ಕಲಿತೆ.

ಅದರ ಹಿಂದಿನ ದಿನ, ಅಂದರೆ ಜೂನ್ 18, ಟರ್ಕಿ ಮೇಲೆ ಜಾರ್ಜಿಯಾದ ಮೊದಲ ಆಟ ಡಾರ್ಟ್‌ಮುಂಡ್‌ನಲ್ಲಿ. ಮಾಮೂಲಿ ದಿನ ಆ ಮೈದಾನ 81 ಸಾವಿರ ಜನ ಹಿಡಿಸುತ್ತದೆ. ಯೂರೋದಲ್ಲಿ ನಿಂತು ನೋಡುವ ಹಾಗಿಲ್ಲದ್ದರಿಂದ 62 ಸಾವಿರಕ್ಕೆ ಇಳಿಸಿದ್ದರು. ಟಿಕೆಟ್ ಇಲ್ಲದ ನಾನು ಊರಿನ ಉತ್ತರ ಭಾಗದ ಒಂದು ಟರ್ಕಿ ಹೋಟೆಲಿಗೆ ಹೋಗಿ ಕೂತೆ. ಅಲ್ಲಿ ಟರ್ಕಿ ಮೂಲದವರು ತಲೆಮಾರುಗಳಿಂದ ಇದ್ದಾರೆ. ಹೊರಗೆ ಮಳೆ ಹೊಡೆಯುತ್ತಿತ್ತು. ಟೀವಿಯಲ್ಲಿ ನೋಡಿದರೆ ಮೈದಾನದ ಚಾವಣಿ ಅಂಚಿನಿಂದ ಜೋಗದ ಹಾಗೆ ನೀರು ಧುಮುಕುತ್ತಿತ್ತು. 19 ವರ್ಷದ ಅರ್ದಾ ಗ್ಯುಲರ್ ದೂರದಿಂದ ಬಾರಿಸಿ ಗೋಲು ಹೊಡೆದಾಗ ಮಾಲೀಕರು ಎಲ್ಲರಿಗೂ ಚಹಾ ಕೊಟ್ಟರು, ಜಾರ್ಜಿಯಾ ಅಂತ ಕೂತಿದ್ದ ನನಗೂ. ಕೊನೇ ಗಳಿಗೆಯಲ್ಲಿ ಜಾರ್ಜಿಯಾದ ಗೋಲ್‌ಕೀಪರ್ ಕೂಡ ಮುಂದೆ ಓಡಿ ಬಂದಿದ್ದ. ಸಮ ಮಾಡುವ ಹಟ. ಚೆಂಡು ಟರ್ಕಿ ಕಾಲಿಗೆ ಸಿಕ್ಕಿ, ಖಾಲಿ ಗೋಲಿಗೆ ಹೋಯಿತು. 3-1. ಸೋತರೂ ಆ ಟೀಮು ಹೆದರಿ ಆಡುವುದಿಲ್ಲ ಅನ್ನುವುದು ನನಗೆ ಅವತ್ತು ಖಾತ್ರಿ ಆಯಿತು.

ಇನ್ನು ಜೂನ್ 26. ಸಂಜೆ 302 ಹತ್ತುವಾಗ ಚೀಲದಲ್ಲಿ ಇದ್ದದ್ದು ಒಂದು ಪವರ್ ಬ್ಯಾಂಕ್, ಪಾಸ್‌ಪೋರ್ಟ್, ತೆಳು ಜಾಕೆಟ್ ಅಷ್ಟೆ. ಎ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಹಾಗಾಗಿ ಚಿತ್ರಾನ್ನದ ಡಬ್ಬಿಯನ್ನು ರೂಮಲ್ಲೇ ಖಾಲಿ ಮಾಡಿ ಹೊರಟಿದ್ದೆ. ಟ್ರ್ಯಾಮಿನ ತುಂಬ ಕೆಂಪು ಅಂಗಿ, ಪೋರ್ಚುಗಲ್ಲಿನದು. ನಡುನಡುವೆ ಬಿಳಿ ಬಟ್ಟೆ ಮೇಲೆ ಐದು ಕೆಂಪು ಶಿಲುಬೆ ಇರುವ ಜಾರ್ಜಿಯಾದ ಬಾವುಟ. ನನ್ನೆದುರು ತಾಯಿ ಮಗಳು ಕೂತಿದ್ದರು. ಟಿಬಿಲಿಸಿಯಿಂದ ಬಂದವರು. ಮೂವತ್ತೇಳು ಲಕ್ಷದಷ್ಟು ಜನಸಂಖ್ಯೆಯ ದೇಶ ಅದು. ನಮ್ಮ ಬೆಂಗಳೂರಿನಲ್ಲೇ ಅದಕ್ಕಿಂತ ಎಷ್ಟೋ ಪಟ್ಟು ಜನ ಇದ್ದಾರೆ. ಫಿಫಾ ಪಟ್ಟಿಯಲ್ಲಿ 74ನೇ ಜಾಗ, ಆ ಟೂರ್ನಿಯ 24 ಟೀಮುಗಳಲ್ಲೇ ಕೊನೆ. ಪೋರ್ಚುಗಲ್ ಆಗಲೇ ಮುಂದಿನ ಸುತ್ತಿಗೆ ಹೋಗಿತ್ತು. ಜಾರ್ಜಿಯಾ ಉಳಿಯಬೇಕಾದರೆ ಗೆಲ್ಲಲೇಬೇಕು. ಆ ಹುಡುಗಿ ತನ್ನ ಕೆನ್ನೆಗೆ ಹಚ್ಚಿದ ಬಣ್ಣದ ಕಡ್ಡಿ ತೆಗೆದು ನನ್ನ ಕೆನ್ನೆಗೂ ಶಿಲುಬೆ ಬರೆದಳು.

ಸೀಟು ಗೋಲಿನ ಹಿಂದೆ ಮೇಲುಗಡೆ. ಅಲ್ಲಿಂದ ಆಟದ ನಕ್ಷೆ ಪೂರ್ತಿ ಕಾಣುತ್ತದೆ, ಯಾರು ಎಲ್ಲಿಗೆ ಓಡುತ್ತಿದ್ದಾರೆ ಅನ್ನುವುದು ಟೀವಿಯಲ್ಲಿ ಹೀಗೆ ಸಿಗುವುದಿಲ್ಲ. ಜನ ಇನ್ನೂ ಸೀಟು ಹುಡುಕುತ್ತಿದ್ದರು. ಎರಡನೇ ನಿಮಿಷ. ಪೋರ್ಚುಗಲ್ಲಿನ ಒಂದು ಪಾಸು ತಪ್ಪಿತು. ಜಾರ್ಜಿಯಾದ ಮಿಕೌತಾಡ್ಜೆ ಚೆಂಡು ಹಿಡಿದು ಮುಂದಕ್ಕೆ ಬಿಟ್ಟ. ಕ್ವಾರಾತ್ಸ್‌ಖೇಲಿಯಾ ಎಡಗಡೆಯಿಂದ ಒಳಗೆ ಓಡಿದ. ಕಾಲಿನ ಸಾಕ್ಸು ಕಣಕಾಲಿಗೆ ಇಳಿಬಿಟ್ಟುಕೊಂಡು ಆಡುವವನು ಅವನು, ಎಷ್ಟು ದೂರದಿಂದಲೂ ಗುರುತು ಸಿಗುತ್ತದೆ. ಎಡಗಾಲಲ್ಲಿ ಕೀಪರ್ ಆಚೆಗೆ ನೆಲದ ಮೇಲೇ ಸರಿಸಿಬಿಟ್ಟ. ಒಂದು ಕ್ಷಣ ಏನೂ ಸದ್ದಿಲ್ಲ, ಆಮೇಲೆ ನಮ್ಮ ಸ್ಟ್ಯಾಂಡು ಅಲುಗಿತು. ಹಿಂದಿನ ಸಾಲಿನಲ್ಲಿ ಒಬ್ಬ ದೊಡ್ಡ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಉಳಿದ ಆಟದಲ್ಲಿ ಚೆಂಡು ಹೆಚ್ಚಾಗಿ ಪೋರ್ಚುಗಲ್ ಹತ್ತಿರವೇ. ಜಾರ್ಜಿಯಾದವರು ಐದು ಜನ ಹಿಂದೆ ಸಾಲು ನಿಂತು ಕಾದರು. ಸಿಕ್ಕ ಕೂಡಲೇ ಮುಂದಕ್ಕೆ ಓಟ. ಗೋಲಿನಲ್ಲಿ ಮಮರ್‌ದಾಶ್ವಿಲಿ. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ವಿಡಿಯೊ ನೋಡಿ ರೆಫರಿ ಪೆನಾಲ್ಟಿ ಕೊಟ್ಟರು. ಮಿಕೌತಾಡ್ಜೆ ಹೊಡೆದ, 2-0. ಸ್ವಲ್ಪ ಹೊತ್ತಿಗೆ ರೊನಾಲ್ಡೊನನ್ನು ಹೊರಗೆ ಕರೆದರು. ನಮ್ಮ ಊರಲ್ಲಿ ಎಷ್ಟೋ ಹುಡುಗರು ಅವನ 7ನೇ ನಂಬರಿನ ಅಂಗಿ ತೊಡುತ್ತಾರೆ, ನನ್ನ ತಮ್ಮನೂ ಒಬ್ಬ. ಅವನು ನಡೆದು ಹೋಗುವುದನ್ನು ಕಣ್ಣಾರೆ ನೋಡುವಾಗ ಎದೆ ಭಾರ ಆಯಿತು. ಆದರೂ ಅವತ್ತು ನನ್ನ ಮನಸ್ಸು ಪೂರ್ತಿ ಆ ಬಿಳಿ ಅಂಗಿಗಳ ಕಡೆಗೇ ಇತ್ತು. ಕೊನೇ ಸೀಟಿಯಾದ ಮೇಲೂ ಯಾರೂ ಎದ್ದು ಹೋಗಲಿಲ್ಲ. ಜಾರ್ಜಿಯಾ ನಾಕೌಟ್ ಸುತ್ತಿಗೆ ಹೋಯಿತು. ಅಲ್ಲಿ ಕೊಲೋನ್‌ನಲ್ಲಿ ಸ್ಪೇನ್ ಕೈಯಲ್ಲಿ 4-1 ಸೋತಿತು. ಆ ಸ್ಪೇನೇ ಕೊನೆಗೆ ಜುಲೈ 14ರಂದು ಬರ್ಲಿನ್‌ನಲ್ಲಿ ಇಂಗ್ಲೆಂಡನ್ನು 2-1 ಸೋಲಿಸಿ ಕಪ್ ಎತ್ತಿತು.

"ಹನ್ನೊಂದು ಗಂಟೆಗೆ ಮ್ಯಾಚ್ ಮುಗಿದ್ರೆ ಒಬ್ಬಳೇ ಹೇಗೆ ಬರ್ತೀಯೇ?" ಅಂತ ಅಮ್ಮ ಫೋನಿನಲ್ಲಿ ಮೊದಲೇ ಕೇಳಿದ್ದರು. ಹುಡುಗಿಯರು ಇದನ್ನು ಓದುತ್ತಿದ್ದರೆ ನಾನು ಮಾಡಿದ್ದನ್ನು ಹೇಳುತ್ತೇನೆ. ಆಟ ಮುಗಿದ ಕೂಡಲೇ ಟ್ರ್ಯಾಮ್ ಸ್ಟಾಪಿಗೆ ಓಡಬೇಡಿ. ಆಗ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕುಡಿದವರೂ ಇರುತ್ತಾರೆ. ಅರ್ಧ ಗಂಟೆ ಸೀಟಿನಲ್ಲೇ ಕೂತು ಆಮೇಲೆ ಹೊರಡಿ. ಮಕ್ಕಳಿರುವ ಕುಟುಂಬದ ಹಿಂದೆ ನಡೆಯಿರಿ. ಟ್ರ್ಯಾಮಿನಲ್ಲಿ ಡ್ರೈವರ್ ಹತ್ತಿರದ ಬಾಗಿಲಲ್ಲಿ ನಿಲ್ಲಿ. ಲೊಕೇಷನ್ ಹಂಚಿಕೊಳ್ಳಲು ಮನೆಯವರಲ್ಲದೆ ಇಲ್ಲಿನ ಒಬ್ಬರು ಇರಲಿ. ನನಗೆ ನಮ್ಮ ಮಹಡಿಯ ಧಾರವಾಡದ ಗೆಳತಿ ಇದ್ದಳು. ನಾನು ಬರುವ ತನಕ ಎದ್ದಿರುತ್ತಿದ್ದಳು. ಕೊನೇ ರೈಲು ಎಷ್ಟಕ್ಕೆ, ಅದು ತಪ್ಪಿದರೆ ರಾತ್ರಿ ಬಸ್ಸು ಯಾವುದು, ಎರಡನ್ನೂ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಒಂದು ರಾತ್ರಿ ರೈಲು ರದ್ದಾಗಿ ಆ ಬಸ್ಸೇ ನನ್ನನ್ನು ಮನೆ ಮುಟ್ಟಿಸಿತು.

ಯೂರೋ ನಡೆದದ್ದು ಕ್ಲಾಸುಗಳು ಇರುವಾಗಲೇ. ಜರ್ಮನಿಯಲ್ಲಿ ಬೇಸಿಗೆ ಸೆಮಿಸ್ಟರ್ ಪಾಠ ಜುಲೈ ನಡುವಿನವರೆಗೂ ಎಳೆಯುತ್ತದೆ, ಅದರ ಬೆನ್ನಿಗೇ ಪರೀಕ್ಷೆ. ನಿಜವಾದ ಬಿಡುವು ಆಗಸ್ಟ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ. ಇಲ್ಲೊಂದು ಅನುಕೂಲ ಇದೆ, ಬಹಳ ವಿದ್ಯಾರ್ಥಿಗಳು ಇದನ್ನು ಗಮನಿಸುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕೆಲವು ದಿನ ಯುರೋಪಿನ ಕ್ಲಬ್ ಫುಟ್‌ಬಾಲ್ ನಿಲ್ಲುತ್ತದೆ, ದೇಶಗಳು ಆಡುತ್ತವೆ. 2025ರವರೆಗೆ ಅದು ತಿಂಗಳ ಮೊದಲ ಹತ್ತು ದಿನಗಳಲ್ಲಿತ್ತು, 2026ರಿಂದ ತಿಂಗಳ ಕೊನೆಗೆ ಹೋಯಿತು. ಟೂರ್ನಿಯ ನೂಕುನುಗ್ಗಲು ಇಲ್ಲ. ಟಿಕೆಟ್ ಆಯಾ ದೇಶದ ಫುಟ್‌ಬಾಲ್ ಮಂಡಳಿಯ ತಾಣದಲ್ಲೇ ಸಿಗುತ್ತದೆ.

2024ರ ಸೆಪ್ಟೆಂಬರ್ 7ಕ್ಕೆ ಯುರೋಪಿನ ದೇಶಗಳ ಇನ್ನೊಂದು ಟೂರ್ನಿಯಾದ ನೇಷನ್ಸ್ ಲೀಗ್‌ನ ನೆದರ್ಲೆಂಡ್ಸ್-ಬೋಸ್ನಿಯಾ ಆಟ ಐಂಡ್‌ಹೋವನ್‌ನಲ್ಲಿತ್ತು. ಡುಸೆಲ್‌ಡಾರ್ಫ್‌ನಿಂದ ಆರ್‌ಇ 13 ರೈಲು ಗಡಿ ದಾಟಿ ಡಚ್ಚರ ಊರು ವೆನ್‌ಲೊ ತನಕ ಹೋಗುತ್ತದೆ. ನಮ್ಮ ಪಾಸು ಅಲ್ಲಿಯವರೆಗೂ ನಡೆಯುತ್ತದೆ. ವೆನ್‌ಲೊದಿಂದ ಮುಂದಕ್ಕೆ ಡಚ್ ರೈಲು. ಅಲ್ಲಿ ಟಿಕೆಟ್ ಕೊಳ್ಳುವ ರಗಳೆಯೇ ಬೇಡ, ಹತ್ತುವ ಮೊದಲು ಸ್ಟೇಷನ್ನಿನ ಕಂಬಕ್ಕೆ ಬ್ಯಾಂಕ್ ಕಾರ್ಡ್ ತಾಗಿಸಬೇಕು, ಇಳಿದ ಮೇಲೆ ಮತ್ತೆ ತಾಗಿಸಬೇಕು. ಅದೇ ಸಂಜೆ ಡುಸೆಲ್‌ಡಾರ್ಫ್‌ನಲ್ಲಿ ಜರ್ಮನಿ-ಹಂಗೇರಿ ಆಟ. ಹಾಗಾಗಿ ಸ್ಟೇಷನ್ನಿನಲ್ಲಿ ಜರ್ಮನ್, ಹಂಗೇರಿ, ಬೋಸ್ನಿಯಾ ಮೂವರ ಅಂಗಿಗಳೂ ಕಲೆತುಹೋಗಿದ್ದವು. ಐಂಡ್‌ಹೋವನ್ ಮೈದಾನ ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗುವಷ್ಟು ಹತ್ತಿರ, ಊರ ನಡುವೆ ಮನೆಗಳ ಪಕ್ಕದಲ್ಲೇ ಇದೆ. ನೆದರ್ಲೆಂಡ್ಸ್ 5-2 ಗೆದ್ದಿತು. 38 ವಯಸ್ಸಿನ ಎಡಿನ್ ಜೆಕೊ ಬೋಸ್ನಿಯಾಗೆ ಒಂದು ಗೋಲು ಹೊಡೆದ. ಬೋಸ್ನಿಯಾದ ಮೂಲೆ ಎದ್ದು ನಿಂತು ಅವನ ಹೆಸರು ಕೂಗಿತು. ಆ ರಾತ್ರಿ ಅಲ್ಲಿ ಓದುವ ಹಳೇ ಕ್ಲಾಸ್‌ಮೇಟ್ ಮನೆಯಲ್ಲಿ ಉಳಿದೆ.

ಗಡಿ ದಾಟುವಾಗ ಪಾಸ್‌ಪೋರ್ಟ್ ಮತ್ತು ಜರ್ಮನಿಯ ವಾಸದ ಪರವಾನಗಿ ಕಾರ್ಡು, ಎರಡೂ ಅಸಲೇ ಇರಬೇಕು. ಫೋಟೊ ಸಾಲದು. ಆ ಕಾರ್ಡಿದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ವೀಸಾ ಇಲ್ಲದೆ ಇರಬಹುದು. ಗಡಿಯಲ್ಲಿ ಯಾರೂ ಕೇಳುವುದಿಲ್ಲ ಅಂದುಕೊಳ್ಳಬೇಡಿ. ಯೂರೋ ಸಮಯದಲ್ಲಿ ಜರ್ಮನಿ ತನ್ನ ಎಲ್ಲ ಗಡಿಗಳಲ್ಲೂ ತಪಾಸಣೆ ಹಾಕಿತ್ತು, ಆ ಸೆಪ್ಟೆಂಬರ್ ನಡುವಿನಿಂದ ಮತ್ತೆ ಎಲ್ಲ ನೆಲಗಡಿಗಳಲ್ಲೂ ಶುರುಮಾಡಿತು.

ಯುರೋಪಿನ ಹಲವು ದೇಶಗಳ ರೈಲಿಗೆ ಒಂದೇ ಪಾಸಾದ ಇಂಟರ್‌ರೇಲ್ ಬಗ್ಗೆ ಬಹಳ ಜನ ಕೇಳುತ್ತಾರೆ. 27 ವಯಸ್ಸಿನವರೆಗೆ ರಿಯಾಯಿತಿ ಇದೆ. ಯುರೋಪಿನಲ್ಲಿ ವಾಸ ಇರುವವರಿಗೆ ಇಂಟರ್‌ರೇಲ್, ಭಾರತದಿಂದ ಬರುವವರಿಗೆ ಯುರೇಲ್. ವಾಸ ಇರುವ ದೇಶದೊಳಗೆ ಮಾತ್ರ ಹೊರಗೆ ಹೋಗಲು ಒಂದು, ವಾಪಸ್ ಬರಲು ಒಂದು ಪ್ರಯಾಣಕ್ಕಷ್ಟೇ ಅದು ನಡೆಯುತ್ತದೆ. ಐದಾರು ದೇಶ ಸುತ್ತುವವರಿಗೆ ಅದು ಸರಿ. ಒಂದೊಂದೇ ಆಟಕ್ಕೆ ಹೋಗಿಬರುವ ನನ್ನಂಥವರಿಗೆ ಲಾಭ ಇಲ್ಲ.

2025ರ ಬೇಸಿಗೆಗೆ ಹೆಂಗಸರ ಯೂರೋ. ಜುಲೈ 2ರಿಂದ 27, ಸ್ವಿಟ್ಜರ್ಲೆಂಡಿನ ಎಂಟು ಊರುಗಳಲ್ಲಿ. ಸ್ವಿಟ್ಜರ್ಲೆಂಡ್ ಅಂದ ಕೂಡಲೇ ವಿದ್ಯಾರ್ಥಿಗಳು ಹೆದರುತ್ತಾರೆ, ಅಲ್ವಾ? ನಾನು ಮತ್ತೆ ನಕ್ಷೆ ಬಿಚ್ಚಿದೆ. ಬಾಸೆಲ್ ಊರೊಳಗೆ 'ಬಾಡಿಷರ್ ಬಾನ್‌ಹೋಫ್' ಅಂತ ಜರ್ಮನ್ ರೈಲ್ವೆ ಸ್ಟೇಷನ್ ಇದೆ, ನಮ್ಮ ಡಾಯ್ಚ್‌ಲಾಂಡ್ ಟಿಕೆಟ್ ಅಲ್ಲಿಯವರೆಗೆ ನಡೆಯುತ್ತದೆ. ಆಟದ ಟಿಕೆಟ್ 25 ಫ್ರಾಂಕಿನಿಂದ ಶುರು. ಆಟದ ದಿನ ಅದೇ ಟಿಕೆಟ್ಟಿನಲ್ಲಿ ಸ್ವಿಟ್ಜರ್ಲೆಂಡಿನೊಳಗೆ ಎರಡನೇ ದರ್ಜೆಯ ರೈಲು, ಬಸ್ಸು, ಟ್ರ್ಯಾಮ್ ಪುಕ್ಕಟೆ. ಜುಲೈ 19, ಶನಿವಾರ, ಬಾಸೆಲ್‌ನಲ್ಲಿ ಕ್ವಾರ್ಟರ್ ಫೈನಲ್. ಯಾರು ಆಡುತ್ತಾರೋ ಗೊತ್ತಿಲ್ಲದೇ ತಗೊಂಡೆ. ಕೊನೆಗೆ ಬಂದದ್ದು ಜರ್ಮನಿ-ಫ್ರಾನ್ಸ್!

ಬೋಖುಮಿನಿಂದ ನಿಧಾನದ ರೈಲಿನಲ್ಲಿ ಬೆಳಗ್ಗೆ ಹೊರಟರೆ ಸಂಜೆಗೆ ದಕ್ಷಿಣ. ಹಿಂದಿನ ದಿನವೇ ಹೊರಟು ಫ್ರೈಬರ್ಗ್‌ನಲ್ಲಿ ಓದುವ ಗೆಳತಿ ಹತ್ತಿರ ಇಳಿದುಕೊಂಡೆ. ಬೇಜಾರಾಗಲಿಲ್ಲ. ಕೋಬ್ಲೆನ್ಸ್ ದಾಟಿದ ಮೇಲೆ ಹಳಿ ರೈನ್ ನದಿ ದಡದಲ್ಲೇ ಹೋಗುತ್ತದೆ, ಆಚೆ ದಡದಲ್ಲಿ ದ್ರಾಕ್ಷಿ ತೋಟದ ಗುಡ್ಡಗಳು, ಹಳೇ ಕೋಟೆಗಳು. ಐಸಿಇಯಲ್ಲಿ ಹೋಗುವವರಿಗೆ ಹೆಚ್ಚಾಗಿ ಸಿಗುವುದು ಸುರಂಗ. ಸ್ವಿಸ್ ಗಡಿ ದಾಟುವ ಮೊದಲು ಟಿಕೆಟ್ಟನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಯುರೋಪ್ ಒಕ್ಕೂಟದ ಪುಕ್ಕಟೆ ರೋಮಿಂಗ್ ಅಲ್ಲಿ ಅನ್ವಯಿಸುವುದಿಲ್ಲ. ಕೆಲವು ಸಿಮ್‌ಗಳಲ್ಲಿ ಒಂದೆರಡು ನಿಮಿಷದ ಇಂಟರ್ನೆಟ್ಟಿಗೇ ಜೇಬು ಖಾಲಿಯಾಗುತ್ತದೆ.

ಆ ಆಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. 13ನೇ ನಿಮಿಷಕ್ಕೇ ಜರ್ಮನಿಯ ಹೆಂಡ್ರಿಚ್ ಎದುರಾಳಿಯ ಕೂದಲೆಳೆದದ್ದಕ್ಕೆ ರೆಡ್ ಕಾರ್ಡ್. ಪೆನಾಲ್ಟಿ, ಫ್ರಾನ್ಸ್ 1-0. ಹತ್ತು ಜನ ಉಳಿದರು. ಆದರೂ ಕಾರ್ನರ್ ಒಂದರಲ್ಲಿ ನ್ಯುಸ್ಕೆನ್ ತಲೆಯಿಂದ ಸಮ ಮಾಡಿದಳು. ಆ ರೆಡ್ ಕಾರ್ಡಿನಿಂದ ಮುಂದಕ್ಕೆ ನೂರು ನಿಮಿಷಕ್ಕೂ ಹೆಚ್ಚು ಹೊತ್ತು ಹತ್ತೇ ಜನ ಹೋರಾಡಿದರು. ಹೆಚ್ಚುವರಿ ಸಮಯದಲ್ಲಿ ಜರ್ಮನಿ ಆಟಗಾರ್ತಿಯ ತಲೆಗೇ ತಾಗಿ ಚೆಂಡು ತನ್ನದೇ ಗೋಲಿನ ಕಡೆ ಹಾರಿತು. ಗೋಲ್‌ಕೀಪರ್ ಆನ್-ಕಾತ್ರಿನ್ ಬೆರ್ಗರ್ ಮುಂದೆ ಬಂದು ನಿಂತಿದ್ದರು. ಹಿಂದಕ್ಕೆ ಓಡುತ್ತಲೇ ಮೈ ಹಿಂದೆ ಬಾಗಿಸಿ ಹಾರಿದರು. ಗೆರೆ ಮೇಲೆ ಒಂದು ಕೈಯಲ್ಲಿ ಚೆಂಡನ್ನು ಬಾಚಿ ಹೊರಗೆ ಎಸೆದರು. ಅದು ಒಳಗೆ ಹೋಯಿತು ಅಂತಲೇ ಪಕ್ಕದ ಫ್ರೆಂಚ್ ಹುಡುಗರು ಎದ್ದು ನಿಂತಿದ್ದರು. ಪೆನಾಲ್ಟಿಯಲ್ಲಿ ಬೆರ್ಗರ್ ಎರಡನ್ನು ತಡೆದರು, ಒಂದನ್ನು ತಾವೇ ಹೊಡೆದರು. 6-5. ಎರಡು ಸಲ ಥೈರಾಯ್ಡ್ ಕ್ಯಾನ್ಸರ್ ಗೆದ್ದು ಬಂದವರು ಅವರು. ನನ್ನ ಮುಂದಿನ ಸಾಲಿನಲ್ಲಿ ಎಂಟು ಹತ್ತು ವಯಸ್ಸಿನ ಹುಡುಗಿಯರ ಇಡೀ ಟೀಮೇ ಕೋಚ್ ಜೊತೆ ಬಂದಿತ್ತು. ಅವರಲ್ಲಿ ಕೀಪರ್ ಗ್ಲೌಸ್ ಹಾಕಿಕೊಂಡೇ ಬಂದಿದ್ದ ಒಂದು ಮಗು ಕುರ್ಚಿ ಮೇಲೆ ನಿಂತು ಕುಣಿಯುತ್ತಿತ್ತು. ಇಂಥದ್ದನ್ನು ನಮ್ಮ ಹುಡುಗಿಯರಿಗೆ ನಮ್ಮೂರಿನಲ್ಲಿ ನೋಡಲು ಸಿಗಬೇಕು. ಅದು ನನ್ನ ದೊಡ್ಡ ಆಸೆ.

ಆಟ ಮುಗಿಯುವಾಗ ನಡುರಾತ್ರಿ ಹತ್ತಿರ. ಬಾಸೆಲ್‌ನ ಹೋಟೆಲ್ ದರ ಕೇಳುವುದೇ ಬೇಡ. ಅಲ್ಲಿನ 8ನೇ ನಂಬರಿನ ಟ್ರ್ಯಾಮ್ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ತನಕ ಹೋಗುತ್ತದೆ. ಗೆಳತಿಗೆ ಪರಿಚಯದ ಮೈಸೂರಿನ ಕುಟುಂಬ ಒಂದು ಅಲ್ಲಿದೆ. ಆ ಅಂಕಲ್ ಆಂಟಿ ನಮಗಾಗಿ ಕಾದಿದ್ದರು, ಬಿಸಿ ಅನ್ನ ಸಾರು ಇಟ್ಟಿದ್ದರು.

ಮುಂದಿನ ಗಂಡಸರ ಯೂರೋ 2028ರ ಜೂನ್-ಜುಲೈನಲ್ಲಿ, ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ. ಅಲ್ಲಿಗೆ ಜರ್ಮನಿಯ ಕಾರ್ಡೂ ನಡೆಯುವುದಿಲ್ಲ, ಷೆಂಗೆನ್ ವೀಸಾವೂ ನಡೆಯುವುದಿಲ್ಲ. ಎರಡು ದೇಶಕ್ಕೂ ವೀಸಾ ನಿಯಮ ಬೇರೆ ಬೇರೆ. ಆದರೆ ಅಲ್ಲೇ ಓದುವ ನಮ್ಮವರು ಸಾವಿರಾರು ಜನ ಇದ್ದಾರಲ್ಲ, ಅವರಿಗೆ ಇದು ಮನೆ ಬಾಗಿಲಿಗೆ ಬಂದ ಅವಕಾಶ. ಲಂಡನ್ನಿನ ವೆಂಬ್ಲಿ ಕಡೆ ಎಲ್ಲರೂ ಮುಗಿಬೀಳುತ್ತಾರೆ. ನಾನಾದರೆ ನ್ಯೂಕಾಸಲ್, ಗ್ಲಾಸ್ಗೋ, ಕಾರ್ಡಿಫ್‌ನ ಗುಂಪಿನ ಆಟಗಳಿಗೆ ಹಾಕುತ್ತೇನೆ. ಬ್ರಿಟನ್ನಿನಲ್ಲಿ 16-25 ರೇಲ್‌ಕಾರ್ಡ್ ಇದ್ದರೆ ರೈಲು ದರದಲ್ಲಿ ಮೂರನೇ ಒಂದು ಭಾಗ ಕಡಿಮೆ, ಪೂರ್ತಿ ಸಮಯ ಓದುವವರು 25 ದಾಟಿದ್ದರೂ ಅದನ್ನು ಮಾಡಿಸಬಹುದು. ಅರ್ಜಿ ತೆರೆದ ವಾರವೇ ಹಾಕಿ, ಡ್ರಾ ಆಗುವ ತನಕ ಕಾಯಬೇಡಿ.